ಮಳೆನೆರಳಿನಲ್ಲಿ ಒಂದು ಮನೆಗಾಡಿ

ಭೂಗೋಳದ ತರಗತಿಯಲ್ಲಿ ‘ಮಳೆನೆರಳು’ ಎಂಬ ಪಾಠವನ್ನು ಪ್ರತಿ ವರ್ಷವೂ ಮಾಡುತ್ತೇನೆ. ಕರಿಹಲಗೆಯ ಮೇಲೆ ಒಂದು ಬೆಟ್ಟ, ಅದರ ಎಡಕ್ಕೆ ಸಮುದ್ರ, ಬೆಟ್ಟವನ್ನು ಏರಿ ಇಳಿಯುವ ಎರಡು ಬಾಣ. ನೆತ್ತಿಯ ಮೇಲೆ ಆಗುಂಬೆ ಎಂದೂ ಬಲಕ್ಕೆ ದೂರದಲ್ಲಿ ಚಳ್ಳಕೆರೆ ಎಂದೂ ಬರೆದರೆ ಪಾಠ ಮುಗಿದಂತೆಯೇ ಸರಿ. ವಿದ್ಯಾರ್ಥಿಗಳು ಅದನ್ನು ಬರೆದುಕೊಂಡು ಪರೀಕ್ಷೆಯಲ್ಲಿ ಹಾಗೆಯೇ ಒಪ್ಪಿಸುತ್ತಾರೆ. ಇಳಿಯುವ ಆ ಎರಡನೆಯ ಬಾಣದ ಪೂರ್ಣ ಅರ್ಥ ನನಗೇ ತಿಳಿದಿರಲಿಲ್ಲವೆಂಬುದು ಕ್ಯಾಲಿಫೋರ್ನಿಯದ ಟೌನ್ ಘಾಟಿಯಲ್ಲಿ, ಬಿಸಿಯೇರಿ ನಿಂತ ವಾಹನದ ನೆರಳಿನಲ್ಲಿ ಕುಳಿತಾಗ ಗೊತ್ತಾಯಿತು. ಆ ಪಾಠವನ್ನು ಇಲ್ಲಿ ಮತ್ತೊಮ್ಮೆ ಮಾಡುತ್ತಿದ್ದೇನೆ.

ನನ್ನ ಸೋದರಳಿಯನೊಬ್ಬ ಆ ಪ್ರಾಂತದ ಸ್ಯಾನ್ ಹೋಸೆಯಲ್ಲಿ ಇಂಜಿನಿಯರು. ಒಂದು ಬೇಸಿಗೆಯ ರಜೆಯಲ್ಲಿ ನಾನೂ ನನ್ನಾಕೆಯೂ ಅವನ ಮನೆಗೆ ಹೋಗಿದ್ದೆವು. “ಮಾವ, ನೀವು ಇಷ್ಟು ವರ್ಷ ನಕ್ಷೆಯಲ್ಲಿ ತೋರಿಸಿದ್ದನ್ನು ಒಂದು ಸಲ ಕಣ್ಣಿಂದ ನೋಡಿಬಿಡಿ” ಎಂದು, ಸ್ನೇಹಿತನ ಮನೆಗಾಡಿಯನ್ನು ಕೇಳಿ ತಂದ. ಬಾಡಿಗೆಗೆ ಏಕೆ ತರಲಿಲ್ಲವೆಂದರೆ, ಬಾಡಿಗೆಯ ಅನೇಕ ಕಂಪನಿಗಳು ಬೇಸಿಗೆಯಲ್ಲಿ ನಾವು ಹೋಗಲಿದ್ದ ಕಣಿವೆಗೆ ತಮ್ಮ ಗಾಡಿ ಒಯ್ಯಲು ಒಪ್ಪುವುದಿಲ್ಲ. ಈ ಮಾತಿನಿಂದಲೇ ನಾವು ಎಚ್ಚೆತ್ತುಕೊಳ್ಳಬಹುದಾಗಿತ್ತು.

ಮನೆಗಾಡಿ ಎಂಬ ಹೆಸರು ನನ್ನದು. ಅಲ್ಲಿಯ ಜನ ‘ಆರ್. ವಿ.’ ಎನ್ನುತ್ತಾರೆ. ನಮ್ಮ ಮಿನಿಬಸ್ಸಿನಷ್ಟು ದೊಡ್ಡದಾದ ವಾಹನದೊಳಗೆ ಎರಡು ಹಾಸಿಗೆ, ಒಲೆ, ಬಚ್ಚಲು, ಶೌಚದ ಕೋಣೆ, ಶೀತಪೆಟ್ಟಿಗೆ. ನೆಲದಡಿಯಲ್ಲಿ ಮೂರು ತೊಟ್ಟಿ: ಒಂದರಲ್ಲಿ ಸುಮಾರು 150 ಲೀಟರು ಒಳ್ಳೆಯ ನೀರು, ಇನ್ನೊಂದಕ್ಕೆ ತೊಳೆದ ನೀರು, ಮೂರನೆಯದಕ್ಕೆ ಶೌಚದ ನೀರು. ಈ ಎರಡನ್ನು ಬೂದುನೀರು, ಕಪ್ಪುನೀರು ಎಂದು ಕರೆಯುವುದು ಅಲ್ಲಿಯ ವಾಡಿಕೆ. ಕಂಡಲ್ಲಿ ಚೆಲ್ಲುವಂತಿಲ್ಲ, ಅದಕ್ಕೆಂದೇ ಕಟ್ಟಿದ ಸ್ಥಳಗಳಲ್ಲಿ ಕೊಳವೆ ಜೋಡಿಸಿ ಬಿಡಬೇಕು. ನಾಲ್ಕು ಜನರಿಗೆ ಆ 150 ಲೀಟರು ಎರಡು ದಿನ ಬಂದರೆ ಹೆಚ್ಚು. ಲೀಟರು ಪೆಟ್ರೋಲಿಗೆ ಮೂರು ನಾಲ್ಕು ಕಿಲೋಮೀಟರು ಓಡುತ್ತದೆ. ಖರ್ಚಿನ ಮಾತು ಇಷ್ಟೇ ಸಾಕು.

ಅದರ ಶೀತಪೆಟ್ಟಿಗೆಯ ವಿಷಯವನ್ನು ಮಾತ್ರ ವಿಜ್ಞಾನದ ವಿದ್ಯಾರ್ಥಿಗಳಿಗಾಗಿ ಸ್ವಲ್ಪ ವಿವರಿಸಬೇಕು. ಅದು ಬೆಂಕಿಯಿಂದ ತಣ್ಣಗಾಗುತ್ತದೆ! ಒಳಗಿನ ಕೊಳವೆಗಳಲ್ಲಿ ಅಮೋನಿಯ, ನೀರು, ಜಲಜನಕ ಮೂರನ್ನು ತುಂಬಿ ಮುಚ್ಚಿರುತ್ತಾರೆ. ಕೆಳಗೆ ಉರಿಯುವ ಚಿಕ್ಕ ಗ್ಯಾಸ್ ದೀಪ ಅಮೋನಿಯವನ್ನು ನೀರಿನಿಂದ ಕುದಿಸಿ ಬೇರ್ಪಡಿಸುತ್ತದೆ. ಅದು ಮೇಲೇರಿ ಹೊರಗಿನ ಗಾಳಿಗೆ ಆರಿ ದ್ರವವಾಗುತ್ತದೆ. ಆ ದ್ರವ ಜಲಜನಕವಿರುವ ಕೊಳವೆಗೆ ಇಳಿದು ಅಲ್ಲಿ ಆವಿಯಾಗುವಾಗ ಪೆಟ್ಟಿಗೆಯ ಶಾಖವನ್ನು ಹೀರುತ್ತದೆ. ಬಳಿಕ ಆ ಆವಿಯನ್ನು ನೀರು ಮತ್ತೆ ಕುಡಿದುಕೊಳ್ಳುತ್ತದೆ. ತಿರುಗುವ ಯಂತ್ರವೇ ಇಲ್ಲ. 1922ರಲ್ಲಿ ಇದನ್ನು ಕಂಡುಹಿಡಿದವರು ಸ್ವೀಡನ್ನಿನ ಸ್ಟಾಕ್‌ಹೋಮಿನ ತಾಂತ್ರಿಕ ವಿದ್ಯಾಲಯದಲ್ಲಿ ಓದುತ್ತಿದ್ದ ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು, ನಿಮ್ಮಂತೆಯೇ. ದ್ರವ ತನ್ನ ಭಾರದಿಂದಲೇ ಹರಿಯಬೇಕಾದುದರಿಂದ ಗಾಡಿ ಸಮತಟ್ಟಾಗಿ ನಿಂತಿರಬೇಕು. ಅಳಿಯ ಪ್ರತಿ ಸಂಜೆ ಗಾರೆಯವರ ಹಾಗೆ ರಸಮಟ್ಟ ಹಿಡಿದು, ಚಕ್ರದಡಿಗೆ ಹಲಗೆಗಳನ್ನು ಕೊಟ್ಟು ಗಾಡಿಯನ್ನು ಸರಿಮಾಡುತ್ತಿದ್ದುದು ಇದಕ್ಕಾಗಿ. ಹೊರಗಿನ ಗಾಳಿಯೇ ಕಾದಿದ್ದರೆ ಅಮೋನಿಯ ಚೆನ್ನಾಗಿ ಆರುವುದಿಲ್ಲ. ಆದ್ದರಿಂದ ಮರುಭೂಮಿಯಲ್ಲಿ ನಮ್ಮ ಮೊಸರು ಎರಡನೆಯ ದಿನಕ್ಕೇ ಹುಳಿಯಾಯಿತು.

ಇನ್ನು ದಾರಿ. ಜೂನ್ ತಿಂಗಳ ಎರಡನೆಯ ವಾರ ಹೊರಟು, ಸಿಯೆರ ನೆವಾಡ ಪರ್ವತಶ್ರೇಣಿಯನ್ನು ಅದರ ದಕ್ಷಿಣದ ತಗ್ಗಿನಲ್ಲಿ, ಟೆಹಾಚಪಿ ಘಾಟಿಯಲ್ಲಿ ದಾಟಿ ಮೊಹಾವಿ ಮರುಭೂಮಿಗೆ ಇಳಿದೆವು. ಸಿಯೆರ ನಮ್ಮ ಪಶ್ಚಿಮಘಟ್ಟವನ್ನು ತಿರುಗಿಸಿಟ್ಟಂತೆ ಇದೆ. ನಮ್ಮ ಘಟ್ಟ ಸಮುದ್ರದ ಕಡೆಗೆ ಕಡಿದಾಗಿದ್ದು ಪೂರ್ವಕ್ಕೆ ನಿಧಾನವಾಗಿ ಬಯಲಾಗುತ್ತದೆ. ಅಲ್ಲಿ ಸಮುದ್ರದ ಕಡೆ ನಿಧಾನವಾದ ಏರು, ಪೂರ್ವಕ್ಕೆ ಗೋಡೆಯಂತಹ ಇಳಿಜಾರು. ಪೂರ್ವದ ಅಂಚನ್ನು ಹಿಡಿದು ಎತ್ತಿದ ಹಲಗೆಯಂತೆ ಇಡೀ ಶ್ರೇಣಿ ಓರೆಯಾಗಿದೆ. ಈ ಎತ್ತುವಿಕೆ ಇನ್ನೂ ನಿಂತಿಲ್ಲವೆಂಬುದಕ್ಕೆ 1872ರ ಮಾರ್ಚ್ 26ರಂದು ಗೋಡೆಯ ಬುಡದ ಲೋನ್ ಪೈನ್ ಊರನ್ನು ಕೆಡವಿದ ಭೂಕಂಪವೇ ಸಾಕ್ಷಿ. ಅದರ ಪೂರ್ವಕ್ಕೆ ಭೂಮಿಯ ಚಿಪ್ಪು ಹಿಗ್ಗಿ ಬಿರಿದು, ಕೆಲವು ತುಂಡುಗಳು ಎದ್ದು ಪರ್ವತಗಳಾಗಿವೆ, ಕೆಲವು ಕುಸಿದು ಕಣಿವೆಗಳಾಗಿವೆ. ಹಾಗೆ ಕುಸಿದ ತುಂಡುಗಳಲ್ಲಿ ಎಲ್ಲಕ್ಕೂ ಆಳವಾದುದೇ ಡೆತ್ ವ್ಯಾಲಿ, ಅಂದರೆ ಸಾವಿನ ಕಣಿವೆ.

ಅದರ ಅತಿ ತಗ್ಗಾದ ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗಿದೆ. ಅದೇ ಸ್ಥಳದಿಂದ ಪಶ್ಚಿಮಕ್ಕೆ ತಲೆಯೆತ್ತಿದರೆ 11,049 ಅಡಿಯ ಟೆಲಿಸ್ಕೋಪ್ ಶಿಖರ. ಕಾಗೆ ಹಾರುವ ದಾರಿಯಲ್ಲಿ ಸುಮಾರು 85 ಮೈಲಿ ದೂರದಲ್ಲಿ ಸಿಯೆರದ ವಿಟ್ನಿ ಶಿಖರ, 14,505 ಅಡಿ. ಅಲಾಸ್ಕವನ್ನು ಬಿಟ್ಟರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅದಕ್ಕಿಂತ ಎತ್ತರವಾದುದಿಲ್ಲ. ಅತಿ ಎತ್ತರವೂ ಅತಿ ತಗ್ಗೂ ಇಷ್ಟು ಹತ್ತಿರ ಇರುವುದು ಆಕಸ್ಮಿಕವೇ?

ಈಗ ಪಾಠಕ್ಕೆ ಬರೋಣ. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿದ್ದೀರಿ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಹಿಗ್ಗಲು ಬಿಟ್ಟರೆ ತಣ್ಣಗಾಗುತ್ತದೆ. ಒಣಗಾಳಿ ಪ್ರತಿ 1,000 ಮೀಟರು ಏರಿದಾಗ ಸುಮಾರು 10 ಡಿಗ್ರಿ ತಣ್ಣಗಾಗುತ್ತದೆ, ಇಳಿದಾಗ ಅಷ್ಟೇ ಕಾಯುತ್ತದೆ. ಆದರೆ ಮೋಡ ಕಟ್ಟಲು ಮೊದಲಾದ ಮೇಲೆ, ಆವಿ ನೀರಾಗುವಾಗ ಬಿಟ್ಟ ಶಾಖ ಗಾಳಿಗೇ ಸೇರುವುದರಿಂದ, ಏರುವ ಗಾಳಿ 1,000 ಮೀಟರಿಗೆ ಐದು ಆರು ಡಿಗ್ರಿ ಮಾತ್ರ ತಣ್ಣಗಾಗುತ್ತದೆ. ಲೆಕ್ಕ ಹಾಕಿ: ಸಮುದ್ರಮಟ್ಟದಲ್ಲಿ 25 ಡಿಗ್ರಿಯ ಗಾಳಿ ಮೊದಲ 1,000 ಮೀಟರು ಒಣದಾಗಿ ಏರಿ 15 ಡಿಗ್ರಿಗೆ ಬಂತು, ಅಲ್ಲಿಂದ 3,000 ಮೀಟರಿನವರೆಗೆ ಮಳೆ ಸುರಿಸುತ್ತ 1,000 ಮೀಟರಿಗೆ ಐದೂವರೆಯಂತೆ 11 ಡಿಗ್ರಿ ಕಳೆದುಕೊಂಡು 4 ಡಿಗ್ರಿಯಾಯಿತು. ಈಗ ಆಚೆಗೆ ಸಮುದ್ರಮಟ್ಟಕ್ಕೇ ಇಳಿಯಲಿ. ಮೋಡವಿಲ್ಲ, ಆದ್ದರಿಂದ 30 ಡಿಗ್ರಿ ಕಾದು 34 ಡಿಗ್ರಿ! ಬೆಟ್ಟ ದಾಟಿದ್ದಕ್ಕೇ 9 ಡಿಗ್ರಿ ಸುಂಕ, ನೀರೂ ಹೋಯಿತು. ಮಳೆನೆರಳೆಂದರೆ ಮಳೆ ತಲುಪದ ಜಾಗವೆಂದಷ್ಟೇ ನಾವು ಬರೆಸುತ್ತೇವೆ. ಇಳಿಯುವ ಗಾಳಿ ತಾನೇ ಕಾದು ನೆಲದಲ್ಲಿ ಇದ್ದಬದ್ದ ತೇವವನ್ನೂ ಹೀರುತ್ತದೆ ಎಂಬ ಉತ್ತರಾರ್ಧವನ್ನು ಬರೆಸುವುದೇ ಇಲ್ಲ.

ಪೆಸಿಫಿಕ್ ಸಾಗರದ ಗಾಳಿ ಸಾವಿನ ಕಣಿವೆಯನ್ನು ಮುಟ್ಟಲು ಇಂತಹ ನಾಲ್ಕು ಶ್ರೇಣಿಗಳನ್ನು ದಾಟಬೇಕು. ಅಲ್ಲಿಯ ವಾರ್ಷಿಕ ಮಳೆ ಸುಮಾರು ಎರಡು ಅಂಗುಲ. 1913ರ ಜುಲೈ 10ರಂದು ಅಲ್ಲಿಯ ಫರ್ನೇಸ್ ಕ್ರೀಕಿನಲ್ಲಿ 56.7 ಡಿಗ್ರಿ ಸೆಂಟಿಗ್ರೇಡ್ ದಾಖಲಾಯಿತು. ಕೆಲವು ತಜ್ಞರು ಆ ಅಂಕಿಯನ್ನು ಸಂಶಯಿಸಿದರೂ ವಿಶ್ವ ಹವಾಮಾನ ಸಂಸ್ಥೆ ಅದನ್ನೇ ಜಗತ್ತಿನ ಗರಿಷ್ಠವೆಂದು ಇಟ್ಟುಕೊಂಡಿದೆ. 2023ರ ಆಗಸ್ಟ್ 20ರಂದು ಮಾತ್ರ ಹಿಲರಿ ಚಂಡಮಾರುತದ ಶೇಷ ಬಂದು, ವರ್ಷದ ಮಳೆಗಿಂತಲೂ ಹೆಚ್ಚು ಒಂದೇ ದಿನ ಸುರಿಯಿತು. ಬ್ಯಾಡ್‌ವಾಟರಿನ ಉಪ್ಪಿನ ಬಯಲು ಕೆಲವು ತಿಂಗಳು ಕೆರೆಯಾಗಿ ನಿಂತಿತು.

ಕಣಿವೆಗೆ ಈ ಹೆಸರನ್ನಿಟ್ಟವರು 1849ರಲ್ಲಿ ಚಿನ್ನವನ್ನರಸಿ ಹೊರಟು ಇಲ್ಲಿ ದಾರಿ ತಪ್ಪಿ ಪಡಬಾರದ ಪಾಡುಪಟ್ಟ ವಲಸೆಗಾರರು. ಬಹುಕಾಲದಿಂದ ಇಲ್ಲೇ ಬಾಳಿದ ಟಿಂಬಿಶಾ ಶೋಶೋನಿ ಜನಕ್ಕೆ ಇದು ಮನೆ. ಅವರು ಚಳಿಗಾಲದಲ್ಲಿ ಕಣಿವೆಯಲ್ಲಿದ್ದು, ಬೇಸಿಗೆ ಬಂದೊಡನೆ ಪೆನಮಿಂಟ್ ಬೆಟ್ಟಗಳ ತಂಪಿಗೆ ಏರಿ ಹೋಗುತ್ತಿದ್ದರು. ಬೇಸಿಗೆಯಲ್ಲಿ ಮರುಭೂಮಿಯಿಂದ ಮಲೆಗೆ ಹೋಗುವ ಪ್ರವಾಸ ಮನೆಗಾಡಿಯವರ ಹೊಸ ಶೋಧವೇನೂ ಅಲ್ಲ.

ನಾವು ಮಾಡಿದ ತಪ್ಪೆಂದರೆ, ಕಣಿವೆಯಿಂದ ನಸುಕಿನಲ್ಲೇ ಹೊರಡದೆ, ತಿಂಡಿ ಕಾಫಿ ಎಂದು ಹತ್ತು ಗಂಟೆ ಮಾಡಿದ್ದು. ನೆರಳಿನಲ್ಲೇ 43 ಡಿಗ್ರಿ. ಸ್ಟೋವ್‌ಪೈಪ್ ವೆಲ್ಸ್ ಎಂಬಲ್ಲಿ ನೆಲ ಸಮುದ್ರಮಟ್ಟದಲ್ಲಿದೆ. ಅಲ್ಲಿಂದ ಸುಮಾರು 17 ಮೈಲಿಗಳಲ್ಲಿ ರಸ್ತೆ 4,956 ಅಡಿಯ ಟೌನ್ ಘಾಟಿಗೆ ಏರುತ್ತದೆ. ಅರ್ಧ ಏರುವುದರೊಳಗೆ ಎಂಜಿನ್ನಿನ ಶಾಖದ ಮುಳ್ಳು ಕೆಂಪಿನ ಕಡೆಗೆ ವಾಲಿತು. “ಮಾವ, ಏ.ಸಿ. ಆರಿಸ್ತೀನಿ, ಕಿಟಕಿ ಇಳಿಸಿ” ಎಂದ ಅಳಿಯ. ಅಷ್ಟಕ್ಕೇ ನಿಲ್ಲಿಸದೆ, ಚಳಿಗಾಲದಲ್ಲಿ ಹಾಕುವ ಬಿಸಿಗಾಳಿಯ ಯಂತ್ರವನ್ನು ಪೂರ್ತಿ ತಿರುಗಿಸಿದ! ಹುಡುಗನಿಗೆ ತಲೆಗೆ ಬಿಸಿಲೇರಿತೆಂದು ನನ್ನಾಕೆ ಗಾಬರಿಯಾದಳು. ಆದರೆ ಅದು ಸರಿಯಾದ ಕ್ರಮ. ಆ ಯಂತ್ರವೂ ಒಂದು ಚಿಕ್ಕ ರೇಡಿಯೇಟರೇ. ಎಂಜಿನ್ನಿನ ಶಾಖವನ್ನು ಸ್ವಲ್ಪವಾದರೂ ನಮ್ಮ ಮುಖಕ್ಕೆ ಹಂಚಿ ಅದರ ಭಾರವನ್ನು ಇಳಿಸುತ್ತದೆ. ಆದರೂ ಮುಳ್ಳು ಇಳಿಯಲಿಲ್ಲ, ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ಸುಮಾರು ಒಂದು ಗಂಟೆ ಕುಳಿತೆವು. ಆಗ ರೇಡಿಯೇಟರಿನ ಮುಚ್ಚಳ ತೆಗೆದು ನೀರು ಹಾಕೋಣವೆಂದು ಎದ್ದವನು ನಾನು. ಅಳಿಯ ಓಡಿಬಂದು ಕೈ ಹಿಡಿದ. ಇದು ಭೌತಶಾಸ್ತ್ರವನ್ನು ಮರೆತ ಕೆಲಸ. ಮುಚ್ಚಳದ ಒತ್ತಡದಲ್ಲಿ ಒಳಗಿನ ನೀರು 100 ಡಿಗ್ರಿ ಮೀರಿಯೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಬಿದ್ದು, ನೀರಿನ ಒಂದು ಪಾಲು ಥಟ್ಟನೆ ಉಗಿಯಾಗಿ, ಉಳಿದ ಕುದಿನೀರಿನೊಡನೆ ಮುಖಕ್ಕೆ ಚಿಮ್ಮುತ್ತದೆ. ಮನೆಯ ಕುಕ್ಕರಿನ ಮುಚ್ಚಳವನ್ನು ಅವಸರದಲ್ಲಿ ತೆಗೆಯಬಾರದೆಂದು ಎಲ್ಲ ಹೆಂಗಸರಿಗೂ ಗೊತ್ತು; ಅಂದು ನನಗೆ ಗೊತ್ತಾಗಲಿಲ್ಲ. ಕುಡಿಯಲು ತಂದ ನೀರಿನಲ್ಲಿ ಆಗಲೇ ಅರ್ಧ ಖರ್ಚಾಗಿತ್ತು. ಬೆವರು ಮೈಮೇಲೆ ನಿಲ್ಲುತ್ತಲೇ ಇರಲಿಲ್ಲ, ಬಂದೊಡನೆ ಆರುತ್ತಿತ್ತು. ಆದ್ದರಿಂದ ಬೆವರುತ್ತಿಲ್ಲವೆಂದೇ ನಾವು ಎಣಿಸಿದ್ದೆವು. ನನ್ನಾಕೆಗೆ ತಲೆನೋವು ಬಂದು ಮಾತು ಕಡಿಮೆಯಾದಾಗಲೇ ನಮಗೆ ಭಯ ಹುಟ್ಟಿದ್ದು. ಒದ್ದೆಬಟ್ಟೆ ಕೊರಳಿಗೆ ಸುತ್ತಿ, ನೀರಿಗೆ ಉಪ್ಪು ಸಕ್ಕರೆ ಹಾಕಿ ಗುಟುಕು ಗುಟುಕಾಗಿ ಕುಡಿಸಿದೆವು. ಗಾಡಿ ಆರಿದ ಮೇಲೆ, ಮೊದಲ ಗೇರಿನಲ್ಲಿ ಆಮೆಯಂತೆ ಏರಿ ನೆತ್ತಿ ಮುಟ್ಟಿದೆವು. ಇಳಿಯುವಾಗಲೂ ಅದೇ ಗೇರು: ಬ್ರೇಕನ್ನೇ ಒತ್ತಿಹಿಡಿದು ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಆ ಸಂಜೆ ಓವೆನ್ಸ್ ಕಣಿವೆಯ ಲೋನ್ ಪೈನಿನಲ್ಲಿ ತಂಗಿದೆವು. ಸಿಯೆರದ ಹಿಮ ಕರಗಿದ ನೀರು ಈ ಕಣಿವೆಗೆ ಧಾರಾಳವಾಗಿ ಬರುತ್ತದೆ. ಇಲ್ಲಿಯ ಪಯೂಟ್ ಜನ ಬಿಳಿಯರು ಬರುವ ಮೊದಲೇ ಕಾಲುವೆ ತೋಡಿ ನೆಲಕ್ಕೆ ನೀರು ಹಾಯಿಸುತ್ತಿದ್ದರು. 1913ರಲ್ಲಿ ವಿಲಿಯಂ ಮಲ್ಹಾಲಂಡ್ ಎಂಬ ಇಂಜಿನಿಯರು 233 ಮೈಲಿಯ ಕಾಲುವೆಯನ್ನು ಮುಗಿಸಿ, ಒಂದು ಪಂಪನ್ನೂ ಬಳಸದೆ ಈ ನದಿಯನ್ನು ಲಾಸ್ ಏಂಜಲಿಸ್ ನಗರಕ್ಕೆ ಒಯ್ದರು. ಕೆಲಸ ಅದ್ಭುತವೇ. ಆದರೆ ಕಣಿವೆಯ ರೈತರು 1924ರಲ್ಲಿ ಕಾಲುವೆಗೆ ಸಿಡಿಮದ್ದಿಟ್ಟರು. ಅದೇ ನವೆಂಬರಿನಲ್ಲಿ ತೂಬನ್ನೇ ಹಿಡಿದು ನಾಲ್ಕು ದಿನ ನೀರನ್ನು ಮರಳಿ ಕಣಿವೆಗೆ ಬಿಟ್ಟುಕೊಂಡರು. ಕೊನೆಗೆ ಗೆದ್ದದ್ದು ನಗರ. ಓವೆನ್ಸ್ ಸರೋವರ ಬತ್ತಿತು, ಅದರ ತಳದ ಉಪ್ಪುಧೂಳು ಗಾಳಿಯಲ್ಲಿ ಎದ್ದು ಊರವರ ಎದೆ ಸೇರಿತು. 2001ರಿಂದ ನಗರವೇ ಬತ್ತಿದ ತಳಕ್ಕೆ ತೆಳುವಾಗಿ ನೀರು ನಿಲ್ಲಿಸಿ ಧೂಳನ್ನು ಅಡಗಿಸುತ್ತಿದೆ. ಒಯ್ದ ನೀರಿನಲ್ಲಿ ಒಂದು ಪಾಲನ್ನು ಹೀಗೆ ಹಿಂದಿರುಗಿಸಬೇಕಾಗಿ ಬಂದಿದೆ.

ಮರುದಿನ ಉತ್ತರಕ್ಕೆ ಹೋಗುವಾಗ ಮಾನ್ಜನಾರ್ ಸಿಕ್ಕಿತು. ಎರಡನೆಯ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ, ಜಪಾನೀ ಮೂಲದ ಹತ್ತು ಸಾವಿರಕ್ಕೂ ಮೀರಿದ ಜನರನ್ನು ಇಲ್ಲಿ ತಂತಿಬೇಲಿಯೊಳಗೆ ಕೂಡಿಹಾಕಿದ್ದರು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಆ ಧೂಳಿನಲ್ಲೂ ಅವರು ಮಾಡಿಕೊಂಡ ತೋಟಗಳ ಕಲ್ಲುಗಳು ಇಂದಿಗೂ ಇವೆ. ಬಲಗಡೆಯ ವೈಟ್ ಪರ್ವತಗಳಲ್ಲಿ 4,800 ವರ್ಷಕ್ಕೂ ಹಳೆಯದಾದ ಬ್ರಿಸಲ್‌ಕೋನ್ ಪೈನ್ ಮರವಿದೆ. ಆ ಏರಿಗೆ ಗಾಡಿಯನ್ನು ಮತ್ತೆ ಪರೀಕ್ಷಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಆದರೂ ಮನೆಗೆ ಮರಳಲು ಸಿಯೆರವನ್ನು ದಾಟಲೇಬೇಕು. ಈ ಸಲ ಸೂರ್ಯ ಹುಟ್ಟುವ ಮೊದಲೇ ಹೊರಟು, ಲೀ ವೈನಿಂಗಿನಿಂದ 12 ಮೈಲಿಯ ಏರನ್ನು ಹತ್ತಿ 9,943 ಅಡಿಯ ಟಯೋಗ ಘಾಟಿ ಸೇರಿದೆವು. ಇಲ್ಲಿ ಚಳಿ, ರಸ್ತೆಯ ಪಕ್ಕದಲ್ಲಿ ಹಿಮ. ಟರ್ಬೊ ಇಲ್ಲದ ಎಂಜಿನ್ನು 1,000 ಅಡಿಗೆ ಶೇಕಡ 3ರಷ್ಟು ಶಕ್ತಿ ಕಳೆದುಕೊಳ್ಳುವುದರಿಂದ ಗಾಡಿ ಏದುಸಿರು ಬಿಡುತ್ತಿತ್ತು, ನಾವೂ ಅಷ್ಟೆ. ಘಾಟಿಯ ಪಶ್ಚಿಮಕ್ಕೆ ಕರಗಿದ ಹಿಮ ಟುವಾಲಮಿ ನದಿಗಿಳಿದು ಹೆಚ್ ಹೆಚಿ ಜಲಾಶಯದಿಂದ ಸ್ಯಾನ್ ಫ್ರಾನ್ಸಿಸ್ಕೊ ನಗರದ ನಲ್ಲಿಗೆ ಹೋಗುತ್ತದೆ. ಪೂರ್ವಕ್ಕೆ ಕರಗಿದ್ದು ಮೋನೋ ಸರೋವರದ ಕಡೆಗೆ. 1941ರಿಂದ ಆ ತೊರೆಗಳ ನೀರಿಗೂ ಲಾಸ್ ಏಂಜಲಿಸ್ ಕೈಹಾಕಿತು, 1994ರಲ್ಲಿ ರಾಜ್ಯದ ಜಲಮಂಡಲಿ ಅದಕ್ಕೆ ಮಿತಿ ಹಾಕಿತು. ಅಂಗೈಯಗಲದ ಹಿಮದ ಹೆಂಟೆಯೊಂದು ಅತ್ತ ಬಿದ್ದರೆ ಒಂದು ಊರಿಗೆ, ಇತ್ತ ಬಿದ್ದರೆ ಇನ್ನೊಂದು ಊರಿಗೆ.

ಅಲ್ಲೇ ಕೆರೆಯ ದಂಡೆಯಲ್ಲಿ ನನ್ನಾಕೆ ಅನ್ನಕ್ಕೆ ಇಟ್ಟಳು. ನೀರು ಬೇಗನೆ ಕುದಿಯಿತು. ಆದರೆ ಮುಕ್ಕಾಲು ಗಂಟೆಯಾದರೂ ಅಕ್ಕಿ ನಡುವೆ ಗಟ್ಟಿಯಾಗಿಯೇ ಇತ್ತು. ಗ್ಯಾಸು ಸರಿಯಿಲ್ಲವೆಂದು ಅಳಿಯನ ಹೆಂಡತಿ ಒಲೆಯನ್ನು ಬೈದಳು. ತಪ್ಪು ಒಲೆಯದಲ್ಲ. ಆ ಎತ್ತರದಲ್ಲಿ ನೀರು 90 ಡಿಗ್ರಿಯಲ್ಲೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ತೆರೆದ ಪಾತ್ರೆಯಲ್ಲಿ ಅದಕ್ಕಿಂತ ಬಿಸಿಯಾಗದು. ಮರುಭೂಮಿಯಲ್ಲಿ ನನ್ನ ಮುಖ ಸುಡಬೇಕೆಂದಿದ್ದ ಆ ಒತ್ತಡದ ಮುಚ್ಚಳ ಇಲ್ಲಿ ಇದ್ದಿದ್ದರೆ ಊಟವಾಗುತ್ತಿತ್ತು. ಕುಕ್ಕರನ್ನು ಸ್ಯಾನ್ ಹೋಸೆಯಲ್ಲೇ ಬಿಟ್ಟು ಬಂದಿದ್ದೆವು. ಅವಲಕ್ಕಿ ನೆನೆಹಾಕಿ, ಹುಳಿಮೊಸರು ಕಲಸಿ ತಿಂದು ಹೊರಟೆವು.