ಗ್ರೀನ್ ಟೀ ಕುಡಿಯಿರಿ, ಡಾಕ್ಟರಿಂದ ಮುಚ್ಚಿಡಬೇಡಿ

ಪ್ರಶ್ನೆ: ನನ್ನ ತಾಯಿಗೆ 64 ವರ್ಷ. ಮಲ್ಟಿಪಲ್ ಮೈಲೋಮಾಕ್ಕೆ ವಾರಕ್ಕೊಂದು ಬೋರ್ಟೆಜೊಮಿಬ್ ಇಂಜೆಕ್ಷನ್ ಕೊಡುತ್ತಿದ್ದಾರೆ. ಗ್ರೀನ್ ಟೀ ಕ್ಯಾನ್ಸರ್ ಕೋಶ ಕೊಲ್ಲುತ್ತದೆಂದು ಅಣ್ಣ ಅದರ ಕ್ಯಾಪ್ಸೂಲ್ ಕಳಿಸಿದ್ದಾನೆ. ಎಲೆಯದೇ ತಾನೆ, ಕೊಡಬಹುದೇ? (ಹಾಸನ)

ಉತ್ತರ: ಬೇಡಮ್ಮ. ಆಗಲೇ ಕೊಟ್ಟಿದ್ದರೆ ಇವತ್ತೇ ನಿಲ್ಲಿಸಿ, ಡಬ್ಬಿಯನ್ನೇ ಒಯ್ದು ಅವರ ಡಾಕ್ಟರಿಗೆ ತೋರಿಸಿ. ಗ್ರೀನ್ ಟೀಯ ಮುಖ್ಯ ಸತ್ವ ಇಜಿಸಿಜಿ. ಬೋರ್ಟೆಜೊಮಿಬ್‌ನಲ್ಲಿರುವ ಬೋರಾನ್ ಭಾಗವನ್ನು ಅದು ನೇರವಾಗಿ ಹಿಡಿದುಕೊಳ್ಳುತ್ತದೆ. ಔಷಧಿ ಕೆಲಸ ಮಾಡುವುದೇ ಆ ಭಾಗದಿಂದ. ಪ್ರಯೋಗಶಾಲೆಯ ಕೋಶಗಳಲ್ಲೂ ಇಲಿಗಳಲ್ಲೂ ಹೀಗೆ ಔಷಧಿ ನಿಷ್ಫಲವಾದದ್ದು 2009ರಲ್ಲಿ ಪ್ರಕಟವಾಯಿತು. ಆಮೇಲಿನ ಇನ್ನೊಂದು ಇಲಿ ಪ್ರಯೋಗದಲ್ಲಿ ಕಡಿಮೆ ಪ್ರಮಾಣದಿಂದ ತೊಂದರೆ ಕಾಣಲಿಲ್ಲ, ನಿಜ. ಆದರೆ ಯಾವ ಪ್ರಮಾಣ ಕ್ಷೇಮ ಎಂಬ ಲೆಕ್ಕವನ್ನು ನಿಮ್ಮ ತಾಯಿಯ ಮೈಮೇಲೆ ಮಾಡಿ ನೋಡುವುದು ಬೇಡ.

‘ಎಲೆಯದೇ ತಾನೆ’ ಎಂಬ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ವಿನ್‌ಕ್ರಿಸ್ಟಿನ್ ನಿತ್ಯಪುಷ್ಪದ ಗಿಡದಿಂದಲೇ ಬಂದ ಕ್ಯಾನ್ಸರ್ ಔಷಧಿ. ಅದನ್ನು ಯಾರಾದರೂ ಅಳತೆಯಿಲ್ಲದೆ ನುಂಗುತ್ತಾರೆಯೇ? ಇನ್ನು ಕ್ಯಾನ್ಸರ್ ಕೋಶ ಕೊಲ್ಲುತ್ತದೆಂಬ ಅಣ್ಣನ ಮಾತು. ಪ್ರಯೋಗಶಾಲೆಯ ತಟ್ಟೆಯಲ್ಲಿಟ್ಟ ಕೋಶದ ಮೇಲೆ ಸುರಿದಷ್ಟು ಇಜಿಸಿಜಿ ಕುಡಿದವರ ರಕ್ತಕ್ಕೆ ಸೇರುವುದಿಲ್ಲ. ಇಟಲಿಯಲ್ಲಿ 2006ರಲ್ಲಿ, ಪ್ರಾಸ್ಟೇಟ್‌ನಲ್ಲಿ ಕ್ಯಾನ್ಸರ್‌ಪೂರ್ವ ಬದಲಾವಣೆ ಇದ್ದ 60 ಗಂಡಸರಲ್ಲಿ ಅರ್ಧ ಜನರಿಗೆ ದಿನಕ್ಕೆ 600 ಮಿಲಿಗ್ರಾಂ ಗ್ರೀನ್ ಟೀ ಕ್ಯಾಟೆಚಿನ್ (ಇಜಿಸಿಜಿ ಸೇರಿದ ಸತ್ವಗಳ ಗುಂಪು) ಕೊಟ್ಟರು. ವರ್ಷದ ಕೊನೆಗೆ ಅವರಲ್ಲಿ ಒಬ್ಬರಿಗೆ ಕ್ಯಾನ್ಸರ್, ಖಾಲಿ ಮಾತ್ರೆ ನುಂಗಿದವರಲ್ಲಿ ಒಂಬತ್ತು ಮಂದಿಗೆ. ನಾವೆಲ್ಲ ಆಸೆಪಟ್ಟೆವು. ಅಮೆರಿಕದ ನಂತರದ ಪ್ರಯೋಗದಲ್ಲಿ ಅಂಥ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. 142 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2020ರ ಕೊಕ್ರೇನ್ ಪರಿಶೀಲನೆಗೂ ಗ್ರೀನ್ ಟೀ ಕ್ಯಾನ್ಸರ್ ತಡೆಯುತ್ತದೆ ಎಂಬುದಕ್ಕೆ ಖಚಿತ ಪುರಾವೆ ಸಿಗಲಿಲ್ಲ. ಸಂಶೋಧನೆ ನಡೆಯಲಿ, ನನಗೂ ಅದರಲ್ಲಿ ಆಸಕ್ತಿಯಿದೆ. ಆದರೆ ಇವತ್ತಿಗೆ ಅದು ಚಿಕಿತ್ಸೆ ಅಲ್ಲ. ಇಂಜೆಕ್ಷನ್ ತಪ್ಪಿಸಬೇಡಿ, ರೋಗದ ಏರಿಳಿತ ತೋರಿಸುವ ಎಂ-ಪ್ರೋಟೀನ್ ರಕ್ತಪರೀಕ್ಷೆ ಹೇಳಿದ ದಿನಕ್ಕೇ ಮಾಡಿಸಿ.

ಪ್ರಶ್ನೆ: ನನಗೆ 41. ಎಡ ಸ್ತನದಲ್ಲಿ ಗಂಟು, ನೋವಿಲ್ಲ. ನಾಲ್ಕು ತಿಂಗಳಿಂದ ದಿನಕ್ಕೆ ಆರು ಲೋಟ ಗ್ರೀನ್ ಟೀ ಕುಡಿಯುತ್ತಿದ್ದೇನೆ, ಕರಗಿಲ್ಲ. ಇನ್ನೆಷ್ಟು ದಿನ ಕುಡಿಯಬೇಕು? (ಶಿರಸಿ)

ಉತ್ತರ: ತಾಯೀ, ನಾಲ್ಕು ತಿಂಗಳು! ನೋವಿಲ್ಲ ಎಂಬ ಸಮಾಧಾನವೇ ಎಷ್ಟೋ ಹೆಂಗಸರನ್ನು ತಡವಾಗಿ ನನ್ನ ಮುಂದೆ ತಂದು ಕೂರಿಸಿದೆ. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಆದ್ದರಿಂದ ಎದೆಗುಂದಬೇಡಿ. ಆದರೆ ನಿಮ್ಮದು ಯಾವ ಗಂಟು ಎಂದು ಪರೀಕ್ಷೆ ಮಾಡದೆ ನಾನಲ್ಲ, ಯಾರೂ ಹೇಳಲಾರರು. ಈ ವಾರವೇ ಸರ್ಜನ್‌ಗೆ ತೋರಿಸಿ. ಮ್ಯಾಮೋಗ್ರಾಂ, ಅಲ್ಟ್ರಾಸೌಂಡ್, ಅವರು ಹೇಳಿದರೆ ಸೂಜಿ ಬಯಾಪ್ಸಿ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಅಕ್ಕಪಕ್ಕದವರು ಹೆದರಿಸುತ್ತಾರೆ, ಕಿವಿಗೊಡಬೇಡಿ. ಹೊಸದಾಗಿ ಕಂಡ ಗಂಟಿಗೆ ಕಾಯುವುದು ಔಷಧಿಯಲ್ಲ. ಜಿಲ್ಲಾ ಆಸ್ಪತ್ರೆಗಾದರೂ ಹೋಗಿ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗಾದರೂ ಹೋಗಿ, ಹೋಗಿ ಅಷ್ಟೇ.

ಪ್ರಶ್ನೆ: ತೂಕ ಇಳಿಸಲು, ಕ್ಯಾನ್ಸರ್ ತಡೆಯಲು ಎರಡು ತಿಂಗಳಿಂದ ಗ್ರೀನ್ ಟೀ ಸಾರದ ಮಾತ್ರೆ ನುಂಗುತ್ತಿದ್ದೇನೆ. ಈಗ ವಾಕರಿಕೆ, ಮೂತ್ರ ಗಾಢ ಹಳದಿ. (ದಾವಣಗೆರೆ)

ಉತ್ತರ: ಮಾತ್ರೆ ಈಗಲೇ ನಿಲ್ಲಿಸಿ. ನಾಳೆಗೆ ಮುಂದೂಡದೆ ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಿ, ಜೊತೆಗೆ ಹೆಪಟೈಟಿಸ್ ಪರೀಕ್ಷೆಗಳು. ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಮಾತ್ರೆಯಾಗಿ ಹೋದರೆ ಯಕೃತ್ತಿನ ಕಿಣ್ವ ಏರುವುದನ್ನು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಹೇಳಿದೆ. ಬಿಸಿನೀರಲ್ಲಿ ಅದ್ದಿ ಕುಡಿಯುವ ಲೋಟಕ್ಕೂ ಈ ಮಾತ್ರೆಗೂ ಹೋಲಿಕೆಯಿಲ್ಲ. ಕಣ್ಣು ಹಳದಿಯಾದರೆ ವರದಿಗೆ ಕಾಯದೆ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ವಯಸ್ಸು 58. ದಿನಕ್ಕೆ ಎರಡು ಲೋಟ ಗ್ರೀನ್ ಟೀ, ಊಟವಾದ ಕೂಡಲೇ. ಹಿಮೋಗ್ಲೋಬಿನ್ 9. ಬಿಡಬೇಕೇ? (ಮೈಸೂರು)

ಉತ್ತರ: ಎರಡು ಲೋಟ ಬಿಡಬೇಕಿಲ್ಲ. ಊಟದ ಕಬ್ಬಿಣಾಂಶ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ, ಊಟಕ್ಕೂ ಅದಕ್ಕೂ ಒಂದೆರಡು ಗಂಟೆ ಅಂತರವಿರಲಿ. ಸುಡುಸುಡು ಕುಡಿಯಬೇಡಿ. ಆದರೆ ಮುಟ್ಟು ನಿಂತ ವಯಸ್ಸಿನಲ್ಲಿ 9 ಬಂದರೆ ಚಹಾ ಒಂದನ್ನೇ ದೂರಿ ಸುಮ್ಮನಾಗಲಾರೆ. ರಕ್ತ ಎಲ್ಲಿಂದಲೋ ಸೋರುತ್ತಿದೆಯೇ ನೋಡಬೇಕು. ಫೆರಿಟಿನ್, ಮಲದಲ್ಲಿ ರಕ್ತದ ಪರೀಕ್ಷೆ ಮಾಡಿಸಿ, ಎಂಡೋಸ್ಕೋಪಿ ಬೇಕೇ ಎಂದು ಕೇಳಿ. ವರದಿ ಬಂದ ಮೇಲೆ ಮತ್ತೆ ಬರೆಯಿರಿ.