ಕೇಸ್ ಶೀಟ್ ಬರೆಯುವ ಮುನ್ನ

ಹೌಸ್ ಸರ್ಜನ್ ಆಗಿ ವಾರ್ಡಿಗೆ ಹೊರಟಿರುವ ಮಕ್ಕಳೇ,

ಸಲಿಂಗ ಪ್ರೇಮವನ್ನು ವಿಕೃತಿಗಳ ಸಾಲಿಗೆ ಸೇರಿಸಿದ್ದ ಫೊರೆನ್ಸಿಕ್ ಪುಸ್ತಕಗಳನ್ನೇ ಓದಿ ನಮ್ಮ ತಲೆಮಾರಿನವರು ಡಾಕ್ಟರಾದೆವು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ರೋಗಗಳ ಪಟ್ಟಿಯಿಂದ ತೆಗೆದಿತ್ತು. ವಯಸ್ಕರು ಒಪ್ಪಿ ಕೂಡಿದರೆ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿತು. ಇಷ್ಟೆಲ್ಲ ಆದಮೇಲೂ 2024ರ ಆಗಸ್ಟ್ ಕೊನೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಹೆಣ್ಣು ಹೆಣ್ಣಿನ ಸಂಬಂಧ ‘ಅಸಹಜ ಲೈಂಗಿಕ ಅಪರಾಧ’ವಾಗಿ ಮತ್ತೆ ಕಾಣಿಸಿಕೊಂಡಿತು. ಜನ ದನಿ ಎತ್ತಿದರು, ಕೆಲವೇ ದಿನಗಳಲ್ಲಿ ಆಯೋಗ ಅದನ್ನು ವಾಪಸ್ ಪಡೆಯಿತು. ಹಳೆಯ ಪಾಠ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ನಿಮ್ಮ ಸೀನಿಯರ್‌ಗಳ ಬಾಯಲ್ಲಿ, ಡ್ಯೂಟಿ ರೂಮಿನ ನಗೆಯಲ್ಲಿ ಅದು ನಿಮಗೆ ಎದುರಾಗುತ್ತದೆ. ಆ ನಗೆಗೆ ನೀವು ಜೊತೆಯಾಗಬೇಡಿ. ನಿಮ್ಮದೇ ಬ್ಯಾಚಿನ ಒಬ್ಬರು ಅದನ್ನು ಕೇಳಿಸಿಕೊಳ್ಳುತ್ತ, ಏನೂ ಆಗದವರಂತೆ ಕೂತಿರಬಹುದು.

ನಾನು ಮುಖ್ಯವಾಗಿ ಹೇಳಬೇಕಾದದ್ದು ಹಿಸ್ಟರಿ ಕೇಳುವ ಬಗೆ. ಹೊಟ್ಟೆನೋವೆಂದು ಬಂದ ಹುಡುಗಿಯನ್ನು ನಾವು “ಮದುವೆ ಆಗಿದೆಯಾ?” ಎಂದು ಕೇಳುತ್ತೇವೆ. ಆಗಿಲ್ಲವೆಂದರೆ ಮುಂದಿನ ನಾಲ್ಕು ಪ್ರಶ್ನೆ ಬಿಟ್ಟೇಬಿಡುತ್ತೇವೆ. ಆ ಉತ್ತರದಿಂದ ನಿಮಗೆ ತಿಳಿಯುವುದು ಏನೂ ಇಲ್ಲ. ಪೇಷಂಟ್ ಕಡೆಯವರನ್ನು ಹೊರಗೆ ಕಳಿಸಿ, ಪರದೆ ಎಳೆದು, ದೈಹಿಕ ಸಂಬಂಧ ಇದೆಯೇ, ಗಂಡಸರ ಜೊತೆಯೋ ಹೆಂಗಸರ ಜೊತೆಯೋ ಎಂದು, ಜ್ವರ ಎಷ್ಟು ದಿನದಿಂದ ಎಂದು ಕೇಳುವ ದನಿಯಲ್ಲೇ ಕೇಳಿ. ಹುಬ್ಬು ಏರಿಸಿದಿರೋ, ಅವರು ಸುಳ್ಳು ಹೇಳುತ್ತಾರೆ, ತಪ್ಪು ಅವರದಲ್ಲ.

ದೇಹದ ವಿಚಾರದಲ್ಲೂ ಊಹೆ ಬೇಡ. ಹೆಣ್ಣಾಗಿ ಬದುಕಲು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಪ್ರಾಸ್ಟೇಟ್ ಗ್ರಂಥಿ ಸಾಮಾನ್ಯವಾಗಿ ಉಳಿದೇ ಇರುತ್ತದೆ. ಗರ್ಭಕೋಶ ತೆಗೆಸದ ಟ್ರಾನ್ಸ್ ಪುರುಷನಿಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಬೇಕು. ಟೆಸ್ಟೋಸ್ಟಿರಾನ್ ತೆಗೆದುಕೊಳ್ಳುತ್ತಿದ್ದರೂ ಗರ್ಭ ನಿಲ್ಲಬಹುದು. ಕಾಲು ಊದಿಕೊಂಡು ಬಂದ ಮಂಗಳಮುಖಿಯನ್ನು ಮೆಡಿಕಲ್ ಶಾಪಿನ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದೀರಾ ಎಂದು ಕೇಳಲೇಬೇಕು, ಏಕೆಂದರೆ ಈಸ್ಟ್ರೊಜೆನ್ ರಕ್ತ ಹೆಪ್ಪುಗಟ್ಟಿಸಬಲ್ಲದು. ಆದರೆ ಕೆಮ್ಮಿಗೆ ಬಂದವರ ಸೀರೆ ಸರಿಸಿ ನೋಡುವ ಹಕ್ಕು ನಿಮಗಿಲ್ಲ. ಕಲಿಯುವ ನೆಪದಲ್ಲಿ ನಿಮ್ಮ ಜೊತೆಯವರನ್ನು ಮಂಚದ ಸುತ್ತ ಸೇರಿಸುವುದೂ ಬೇಡ. ಅವರು ಮಂಗಳಮುಖಿ ಎಂಬ ಒಂದೇ ಕಾರಣಕ್ಕೆ, ಕೇಳದೆ ಎಚ್‌ಐವಿ ಪರೀಕ್ಷೆಗೆ ರಕ್ತ ಎಳೆಯಬೇಡಿ. 2017ರ ಎಚ್‌ಐವಿ ಕಾಯಿದೆ ಒಪ್ಪಿಗೆ ಕಡ್ಡಾಯ ಮಾಡಿದೆ. ಗಂಡಸರ ವಾರ್ಡಿಗೋ ಹೆಂಗಸರ ವಾರ್ಡಿಗೋ ಎಂಬುದನ್ನು ಅವರನ್ನೇ ಕೇಳಿ. ಆಧಾರ್‌ನಲ್ಲಿ ಯಾವ ಹೆಸರೇ ಇರಲಿ, ಅವರು ಹೇಳಿದ ಹೆಸರು ಹಿಡಿದು ಕರೆಯಿರಿ. ಸಾಲಿನಲ್ಲಿ ಗಂಡು ಹೆಸರು ಕೂಗಿದ್ದಕ್ಕೇ ಚೀಟಿ ಬಿಸಾಕಿ ಎದ್ದುಹೋದವರ ಕಾಯಿಲೆಗೆ ನೀವು ಯಾವ ಮದ್ದು ಕೊಡುತ್ತೀರಿ?

ಒಂದು ದಿನ ತಂದೆತಾಯಿ ಮಗನನ್ನು ಎಳೆದು ತಂದು “ಇವನನ್ನು ಸರಿ ಮಾಡಿಕೊಡಿ ಡಾಕ್ಟ್ರೇ” ಎಂದು ಕೈ ಮುಗಿಯುತ್ತಾರೆ. ಸರಿ ಮಾಡಲು ಅಲ್ಲಿ ಏನೂ ಕೆಟ್ಟಿಲ್ಲ. ಮದ್ರಾಸ್ ಹೈಕೋರ್ಟಿನ 2021ರ ಆದೇಶದ ನಂತರ, 2022ರಲ್ಲಿ ವೈದ್ಯಕೀಯ ಆಯೋಗವೇ ಇಂಥ ‘ಪರಿವರ್ತನೆ ಚಿಕಿತ್ಸೆ’ಯನ್ನು ವೃತ್ತಿದ್ರೋಹವೆಂದು ಸಾರಿದೆ. ಹಾಗೆಂದು ಆ ತಾಯಿಯನ್ನು ಗದರಬೇಡಿ. ಹೆದರಿ ಬಂದಿದ್ದಾರೆ, ಕೂರಿಸಿ ಮಾತಾಡಿಸಿ, ಮುಂದಿನ ವಾರ ಮತ್ತೆ ಬರಹೇಳಿ. ಹುಡುಗನ ಜೊತೆ ಮಾತ್ರ ಅವತ್ತೇ, ಒಬ್ಬನನ್ನೇ ಕೂರಿಸಿಕೊಂಡು ಮಾತಾಡಿ. ಸಾಯಬೇಕೆನಿಸಿದೆಯೇ ಎಂದು ನೇರವಾಗಿ ಕೇಳಿ. ಅವನು ಹೇಳಿದ್ದು ಅವನ ಒಪ್ಪಿಗೆಯಿಲ್ಲದೆ ಮನೆಯವರ ಕಿವಿಗೆ ಬೀಳಬಾರದು. ಪ್ರಾಣಕ್ಕೆ ಅಪಾಯ ಕಂಡರೆ ಯಾರಿಗೆ ತಿಳಿಸುತ್ತೀರೆಂದು ಮೊದಲು ಅವನಿಗೇ ಹೇಳಿ.

ಇನ್ನೊಂದು. ರೋಗಿಗಾಗಿ ವಾರಗಟ್ಟಲೆ ರಾತ್ರಿ ಕಾದ ಸಂಗಾತಿಯನ್ನು “ನೀವು ಏನಾಗಬೇಕು?” ಎಂದು ಕೇಳಿ, ರಕ್ತಸಂಬಂಧಿ ಅಲ್ಲವೆಂದು ಐಸಿಯು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಹತ್ತಿರದ ಬಂಧುಗಳು ಸಿಗದಿದ್ದಾಗ ಪಾರ್ಥಿವ ಶರೀರವನ್ನು ಸಂಗಾತಿಗೆ ಒಪ್ಪಿಸಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2024ರಲ್ಲಿ ರಾಜ್ಯಗಳಿಗೆ ಪತ್ರ ಬರೆದಿದೆ. ಆದರೆ ಬದುಕಿರುವಾಗ ಪಕ್ಕದಲ್ಲಿ ಕೂರುವ ಅವಕಾಶ ಮಾಡಿಕೊಡುವವರು ಡ್ಯೂಟಿಯಲ್ಲಿರುವ ನೀವು. ಆದ್ದರಿಂದ ರೋಗಿಗೆ ಪ್ರಜ್ಞೆ ಇರುವಾಗಲೇ, ಯಾರನ್ನು ಒಳಗೆ ಬಿಡಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿ, ಆ ಹೆಸರನ್ನು ಕೇಸ್ ಶೀಟಿನ ಮೊದಲ ಪುಟದಲ್ಲೇ ಬರೆದು ನಿಮ್ಮ ಸಹಿ ಹಾಕಿ.