ದುರ್ಗಾಬಾಯಿಯವರನ್ನು ನಡಾವಳಿಯಲ್ಲಿ ಓದುವ ಬಗೆ

ಸಂವಿಧಾನ ರಚನಾ ಸಭೆಯ ನಡಾವಳಿಯನ್ನು ಕಾನೂನು ವಿದ್ಯಾರ್ಥಿಗಳ ಜೊತೆ ಕೂತು ಓದುವುದು ನನ್ನ ಕೆಲಸದ ಭಾಗ. ಆ ಸಭೆಯಲ್ಲಿದ್ದ 15 ಮಹಿಳೆಯರಲ್ಲಿ ನಾನು ಹೆಚ್ಚಾಗಿ ಓದಿಸುವುದು ಮದ್ರಾಸ್ ಪ್ರಾಂತದಿಂದ ಬಂದ ದುರ್ಗಾಬಾಯಿಯವರ ಮಾತುಗಳನ್ನು. ಇಂಥವರ ಬಗ್ಗೆ ಸಭೆ ಸಮಾರಂಭಗಳಲ್ಲಿ ಕೇಳಿಬರುವುದು ಅವರ ತ್ಯಾಗ, ಧೈರ್ಯ, ಜೈಲುವಾಸ. ಅವರು ಯಾವ ವಿಧಿಯ ಯಾವ ಸಾಲನ್ನು ಬದಲಿಸಿದರು ಎಂದು ಹೇಳುವವರು ಅಪರೂಪ. ಒಬ್ಬ ಶಾಸಕಿಗೆ ನಾವು ಸಲ್ಲಿಸಬೇಕಾದ ಗೌರವ ಆ ಸಾಲನ್ನು ಹುಡುಕುವುದರಲ್ಲಿದೆ ಎಂದು ನಂಬಿ, ಓದಿಸುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಯಾವ ಹೆಸರಿನಲ್ಲಿ ಹುಡುಕಬೇಕೆಂದು ಮೊದಲು ತಿಳಿದುಕೊಳ್ಳಿ.

ಪಠ್ಯಪುಸ್ತಕದಲ್ಲಿ ಅವರು ದುರ್ಗಾಬಾಯಿ ದೇಶಮುಖ್. ನಡಾವಳಿಯಲ್ಲಿ ಶ್ರೀಮತಿ ಜಿ. ದುರ್ಗಾಬಾಯಿ. ಹಣಕಾಸು ಸಚಿವರಾಗಿದ್ದ ಸಿ. ಡಿ. ದೇಶಮುಖ್ ಅವರನ್ನು ಮದುವೆಯಾದದ್ದು 1953ರಲ್ಲಿ, ಅಂದರೆ ಸಂವಿಧಾನ ಜಾರಿಗೆ ಬಂದ ಮೇಲೆ. ದೇಶಮುಖ್ ಎಂದು ಹುಡುಕಿದ ವಿದ್ಯಾರ್ಥಿ ಬರಿಗೈಯಲ್ಲಿ ಬಂದು, ‘ಅವರು ಹೆಚ್ಚು ಮಾತಾಡಿಲ್ಲ ಮೇಡಂ’ ಎನ್ನುತ್ತಾನೆ. ಮಾತಾಡಿದ್ದಾರೆ, ಬೇಕಾದಷ್ಟು.

2. ಭಾಷಣಕ್ಕಿಂತ ಮೊದಲು ತಿದ್ದುಪಡಿ ಓದಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪಾಠ ಇದು. ಸದನದಲ್ಲಿ ಒಳ್ಳೆಯ ಭಾಷಣ ಮಾಡಿದವರು ಬಹಳ ಮಂದಿ. ಕರಡನ್ನು ಮುಂದಿಟ್ಟುಕೊಂಡು ಇಂಥ ಪದ ತೆಗೆಯಿರಿ, ಇಂಥ ಪದ ಹಾಕಿರಿ ಎಂದು ಬರೆದುಕೊಟ್ಟು, ಅದನ್ನು ಸಮರ್ಥಿಸಿ, ಗೆಲ್ಲಿಸಿಕೊಂಡವರು ಕಡಿಮೆ. ದುರ್ಗಾಬಾಯಿ ಮದ್ರಾಸಿನಲ್ಲಿ ವಕೀಲರಾಗಿದ್ದವರು. ಕಾನೂನಿನ ಬಲ ಎಲ್ಲಿ ಅಡಗಿರುತ್ತದೆಂದು ಅವರಿಗೆ ಗೊತ್ತಿತ್ತು.

1948ರ ಡಿಸೆಂಬರಿನಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಚರ್ಚೆ ನಡೆಯುತ್ತಿತ್ತು. ಕರಡಿನ 19ನೇ ವಿಧಿ, ಅಂದರೆ ಈಗಿನ 25ನೇ ವಿಧಿ. ಸಾರ್ವಜನಿಕ ಸ್ವರೂಪದ ಹಿಂದೂ ಧಾರ್ಮಿಕ ಸಂಸ್ಥೆಗಳನ್ನು ಹಿಂದೂಗಳ ‘ಯಾವುದೇ ವರ್ಗಕ್ಕೆ ಅಥವಾ ಪಂಗಡಕ್ಕೆ’ ತೆರೆಯಲು ಸರ್ಕಾರ ಕಾನೂನು ಮಾಡಬಹುದು ಎಂಬ ಅರ್ಥ ಕರಡಿನಲ್ಲಿತ್ತು. ಅದನ್ನು ‘ಎಲ್ಲ ವರ್ಗಗಳಿಗೂ ಪಂಗಡಗಳಿಗೂ’ ಎಂದು ಮಾಡಬೇಕೆಂದು ದುರ್ಗಾಬಾಯಿ ತಿದ್ದುಪಡಿ ಮಂಡಿಸಿದರು. ವಿಧಿಯ ವ್ಯಾಪ್ತಿ ಹಿಗ್ಗಬೇಕು ಎಂಬುದು ಅವರ ಉದ್ದೇಶ. ಕರಡು ಇದ್ದಂತೆಯೇ ಉಳಿದಿದ್ದರೆ ಒಂದು ಜಾತಿಯನ್ನು ಒಳಗೆ ಬಿಟ್ಟು ಇನ್ನೊಂದನ್ನು ಹೊರಗೆ ನಿಲ್ಲಿಸಿ, ‘ತೆರೆದಿದ್ದೇವಲ್ಲ’ ಎಂದು ಹೇಳಲು ದಾರಿ ಇರುತ್ತಿತ್ತು ಎಂದು ನಾನು ತರಗತಿಯಲ್ಲಿ ವಿವರಿಸುತ್ತೇನೆ. ಇವತ್ತು 25(2)(ಬಿ) ತೆಗೆದು ನೋಡಿ, ಅವರ ಮಾತೇ ಅಲ್ಲಿದೆ.

ಆ ಸಾಲಿನ ಕೆಲಸವನ್ನು ತೋರಿಸಲು ನಾನು ದೂರ ಹೋಗಬೇಕಾಗಿಲ್ಲ. ನಮ್ಮ ದಕ್ಷಿಣ ಕನ್ನಡದ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣ ಸಾಕು. ಜಿಲ್ಲೆ ಆಗ ಮದ್ರಾಸ್ ಪ್ರಾಂತದಲ್ಲಿತ್ತು. 1947ರ ಮದ್ರಾಸ್ ದೇವಸ್ಥಾನ ಪ್ರವೇಶ ಕಾಯ್ದೆ ತಮಗೆ ಅನ್ವಯಿಸುವುದಿಲ್ಲ, ಇದು ಗೌಡ ಸಾರಸ್ವತ ಬ್ರಾಹ್ಮಣ ಸಮುದಾಯದ ದೇವಸ್ಥಾನ ಎಂದು ಆಡಳಿತದವರು ಕೋರ್ಟಿಗೆ ಹೋದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಬೆಳೆಯಿತು. 1957ರ ನವೆಂಬರಿನಲ್ಲಿ ತೀರ್ಪು ಬರುವ ಹೊತ್ತಿಗೆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತ್ತು. ಅದು ಆ ಸಮುದಾಯದ ದೇವಸ್ಥಾನವೇ ಹೌದೆಂದು ನ್ಯಾಯಾಲಯ ಒಪ್ಪಿತು. ಒಪ್ಪಿಯೂ, 25(2)(ಬಿ)ಯ ಎದುರು ಪಂಗಡದ ಹಕ್ಕು ನಿಲ್ಲುವುದಿಲ್ಲ ಎಂದಿತು. ಕೆಲವು ವಿಶೇಷ ಸೇವೆಗಳ ಹೊತ್ತನ್ನು ಮಾತ್ರ ಸಮುದಾಯಕ್ಕೆ ಬಿಟ್ಟುಕೊಟ್ಟು, ಉಳಿದಂತೆ ಎಲ್ಲ ಹಿಂದೂಗಳಿಗೂ ಪ್ರವೇಶವಿದೆ ಎಂದು ಹೇಳಿತು. ಆ ದೇವಸ್ಥಾನಕ್ಕೆ ಹೋಗಿಬಂದ ಮಕ್ಕಳು ತರಗತಿಯಲ್ಲಿ ಇದ್ದೇ ಇರುತ್ತಾರೆ. ಒಂದು ತಿದ್ದುಪಡಿ ಎಂದರೇನೆಂದು ಅವರಿಗೆ ಆಮೇಲೆ ಬೇರೆ ಹೇಳಿಕೊಡಬೇಕಾಗುವುದಿಲ್ಲ.

3. ‘ಮಹಿಳಾ ವಿಷಯ’ಗಳಲ್ಲಿ ಮಾತ್ರ ಹುಡುಕಬೇಡಿ.

ಮದುವೆ, ಆಸ್ತಿ, ಮಕ್ಕಳು ಎಂಬ ಪದಗಳನ್ನಷ್ಟೇ ಹಿಡಿದು ಹೊರಟವರಿಗೆ ಅರ್ಧ ದುರ್ಗಾಬಾಯಿ ಸಿಗುತ್ತಾರೆ. ಹಿಂದೂ ಸಂಹಿತೆ ಮಸೂದೆಯನ್ನು ಅವರು ಬೆಂಬಲಿಸಿದ್ದು ನಿಜ. ಆದರೆ ರಾಜ್ಯಸಭೆಯ ಸದಸ್ಯರಾಗಲು ಎಷ್ಟು ವಯಸ್ಸಾಗಿರಬೇಕು ಎಂಬ ಪ್ರಶ್ನೆಯಲ್ಲೂ ಅವರ ಕೈಯಿದೆ. 1949ರ ಮೇ ತಿಂಗಳಲ್ಲಿ ಸಭೆಯ ಮುಂದೆ ಬಂದ ಪ್ರಸ್ತಾವದಲ್ಲಿ 35 ಎಂದಿತ್ತು; 30 ಮಾಡಿ ಎಂದು ಅವರು ತಿದ್ದುಪಡಿ ತಂದರು. ವಿವೇಕಕ್ಕೂ ವಯಸ್ಸಿಗೂ ಗಂಟು ಹಾಕಬೇಡಿ, ಈಗಿನ ಹುಡುಗ ಹುಡುಗಿಯರು ತಮ್ಮ ಹೊಣೆಯನ್ನು ಬೇಗ ಅರಿಯುತ್ತಾರೆ ಎಂಬುದು ಅವರ ವಾದದ ಸಾರ. ಅವರಿಗಾಗ 39 ವರ್ಷ. 35 ಉಳಿದರೂ ಅವರ ಗಂಟೇನೂ ಹೋಗುತ್ತಿರಲಿಲ್ಲ. ತಮ್ಮ ಹಿಂದೆ ಬರುವವರಿಗಾಗಿ ಕೇಳಿದ್ದು ಅದು. 84ನೇ ವಿಧಿಯಲ್ಲಿ ಇವತ್ತಿಗೂ 30 ಇದೆ. ನಮ್ಮ ವಿಧಾನ ಪರಿಷತ್ತಿಗೂ ಕನಿಷ್ಠ ವಯಸ್ಸು ಅಷ್ಟೇ.

4. ಸೋತ ವಾದವನ್ನೂ ಪೂರ್ತಿ ಓದಿ.

1949ರ ಸೆಪ್ಟೆಂಬರಿನ ಭಾಷಾ ಚರ್ಚೆಯನ್ನು ಓದಿಸುವಾಗ ತರಗತಿ ಬಿಸಿಯಾಗುತ್ತದೆ. ದಕ್ಷಿಣದ ಸದಸ್ಯೆ ಎಂದಮೇಲೆ ಹಿಂದಿಯ ವಿರುದ್ಧ ಗುಡುಗಿರಬೇಕು ಎಂದು ಮಕ್ಕಳು ಕಾಯುತ್ತಾರೆ. ಅಲ್ಲಿರುವುದು ಅದಕ್ಕಿಂತ ನೋವಿನ ಮಾತು. ದುರ್ಗಾಬಾಯಿ ಬಾಲ್ಯದಲ್ಲೇ ಹಿಂದಿ ಕಲಿತು, ಶಾಲೆ ತೆರೆದು ಹೆಂಗಸರಿಗೆ ಕಲಿಸಿದವರು. ಈ ಕೆಲಸ ಮಾಡುತ್ತಿದ್ದ ಅವರಿಗೆ, 1923ರಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನ ನಡೆದಾಗ ಇನ್ನೂ ಹದಿನಾಲ್ಕು ವರ್ಷ. ಅಷ್ಟು ಪ್ರೀತಿಯಿಂದ ಹಿಂದಿಯನ್ನು ಬರಮಾಡಿಕೊಂಡ ದಕ್ಷಿಣದವರಲ್ಲಿ, ಉತ್ತರದ ಕೆಲವರ ಅವಸರ ಮತ್ತು ಒತ್ತಾಯ ಅನುಮಾನ ಬಿತ್ತಿದೆ ಎಂದು ಅವರು ಸಭೆಗೆ ಹೇಳಿದರು. ಗಾಂಧೀಜಿ ಹೇಳಿದ, ಎಲ್ಲರನ್ನೂ ಒಳಗೊಳ್ಳುವ ಹಿಂದುಸ್ತಾನಿಯ ಪರ ನಿಂತರು. ಸಭೆ ಒಪ್ಪಿದ್ದು ದೇವನಾಗರಿ ಲಿಪಿಯ ಹಿಂದಿಯನ್ನು. 343ನೇ ವಿಧಿಯಲ್ಲಿ ಹಿಂದುಸ್ತಾನಿ ಇಲ್ಲ. ಆದರೂ ಈ ಭಾಷಣವನ್ನು ನಾನು ಬಿಡುವುದಿಲ್ಲ. ಭಾಷೆಯನ್ನು ಹೇರಬಾರದು ಎಂಬ ವಾದ ಆ ಭಾಷೆಯನ್ನು ಪ್ರೀತಿಸಿ ಕಲಿಸಿದವರ ಬಾಯಿಂದ ಬಂದಾಗ ಅದಕ್ಕಿರುವ ತೂಕವೇ ಬೇರೆ. ಕನ್ನಡದ ಮಕ್ಕಳು ಇದನ್ನು ಓದಲೇಬೇಕು.

5. ಪೀಠದಲ್ಲಿ ಕೂತವರನ್ನೂ ಗಮನಿಸಿ.

ಅಧ್ಯಕ್ಷರಿಲ್ಲದಾಗ ಸಭೆ ನಡೆಸುವವರ ಪಟ್ಟಿಯಲ್ಲಿದ್ದ ಒಬ್ಬರೇ ಮಹಿಳೆ ದುರ್ಗಾಬಾಯಿ. ಚರ್ಚೆಗೆ ಕೊಟ್ಟ ಕೊಡುಗೆಯಲ್ಲಿ ಇದೂ ಸೇರಬೇಕು.

6. ಸದಸ್ಯೆಯ ಹಿಂದಿನ ಬದುಕನ್ನು ವಾದದ ಪಕ್ಕದಲ್ಲಿಟ್ಟು ಓದಿ.

ಎಂಟನೇ ವಯಸ್ಸಿಗೆ ಮದುವೆ, ಮುಂದೆ ಆ ಮದುವೆಯಿಂದ ಹೊರಬಂದದ್ದು, ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು. ಜೈಲಿನಲ್ಲಿ ಕಂಡ ಹೆಂಗಸರಿಗೆ ತಮ್ಮ ಮೇಲಿನ ಆರೋಪ ಏನೆಂದೇ ಸರಿಯಾಗಿ ತಿಳಿದಿರಲಿಲ್ಲ. ಕಾನೂನು ಓದುವ ನಿರ್ಧಾರ ಅಲ್ಲಿಂದ ಹುಟ್ಟಿತು. ಬಿಟ್ಟಿದ್ದ ಓದನ್ನು ಮತ್ತೆ ಹಿಡಿದು 1942ರಲ್ಲಿ ಕಾನೂನು ಪದವಿ ಪಡೆದರು. ಇದನ್ನು ಕಣ್ಣೀರಿನ ಕಥೆಯಾಗಿ ಹೇಳಬೇಡಿ ಎಂದು ವಿದ್ಯಾರ್ಥಿಗಳಿಗೆ ತಾಕೀತು ಮಾಡುತ್ತೇನೆ. ಅದು ಅವರ ವಾದಕ್ಕಿರುವ ಸಾಕ್ಷ್ಯ.

7. ಸೀಟು ಹೋದಲ್ಲಿಗೆ ಪುಸ್ತಕ ಮುಚ್ಚಬೇಡಿ.

1952ರ ಚುನಾವಣೆಯಲ್ಲಿ ಅವರು ಗೆಲ್ಲಲಿಲ್ಲ. ಯೋಜನಾ ಆಯೋಗದ ಸದಸ್ಯೆಯಾದರು, 1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆಯಾದರು. ಅದೇ ವರ್ಷದ ಚೀನಾ ಪ್ರವಾಸದಲ್ಲಿ ಅಲ್ಲಿನ ಕೌಟುಂಬಿಕ ನ್ಯಾಯಾಲಯಗಳನ್ನು ಕಂಡು ಬಂದವರು, ನಮ್ಮಲ್ಲೂ ಅಂಥವು ಬೇಕೆಂದು ಹಿರಿಯ ನ್ಯಾಯಮೂರ್ತಿಗಳ ಬಳಿಯೂ ನೆಹರೂ ಅವರ ಬಳಿಯೂ ಪ್ರಸ್ತಾಪಿಸಿದರು. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಬಂದದ್ದು 1984ರಲ್ಲಿ. ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ನ್ಯಾಯಾಧೀಶರ ನೇಮಕದಲ್ಲಿ ಮಹಿಳೆಯರಿಗೆ ಆದ್ಯತೆ ಕೊಡಬೇಕೆಂದು ಆ ಕಾಯ್ದೆಯ 4ನೇ ಕಲಮು ಹೇಳುತ್ತದೆ. ವಿದ್ಯಾರ್ಥಿಗಳಿಗೆ ಕೊನೆಯದಾಗಿ ಕೊಡುವ ಕೆಲಸ ಇದಕ್ಕೆ ಸೇರಿದ್ದು: ತಮ್ಮ ಜಿಲ್ಲೆಯ ಕೌಟುಂಬಿಕ ನ್ಯಾಯಾಲಯದಲ್ಲಿ ಇದುವರೆಗೆ ಯಾರು ಯಾರು ನ್ಯಾಯಾಧೀಶರಾಗಿದ್ದರು, ಅವರಲ್ಲಿ ಮಹಿಳೆಯರು ಎಷ್ಟು ಎಂದು ವಿಚಾರಿಸಿ ಬರೆದು ತರುವುದು.